ದಲ್ಲಾಳಿ ಕಳಕೇಶನ ಎಡಗಣ್ಣು ಇಳಿದ ಸಂತೆ

ಕುಷ್ಟಗಿಯ ದನದ ಸಂತೆಗೆ ಬಂದವರು ಮೊದಲು ದನ ನೋಡುವುದಿಲ್ಲ, ದಲ್ಲಾಳಿ ಕಳಕೇಶನ ಎಡಗಣ್ಣು ನೋಡುತ್ತಾರೆ. ಅದು ಪೂರ್ತಿ ತೆರೆದಿದ್ದರೆ ದನ ಚೊಕ್ಕ. ರೆಪ್ಪೆ ಒಂದು ಚೂರು ಇಳಿಯಿತೋ, ದನದಲ್ಲಿ ಏನೋ ಐಬು ಇದೆ. ಒದೆಯುತ್ತದೆ, ನೊಗ ಹೊತ್ತರೆ ಮಲಗುತ್ತದೆ, ಇಲ್ಲವೇ ಮಾರುವವನು ಹೇಳಿದ್ದಕ್ಕಿಂತ ವಯಸ್ಸಾಗಿದೆ. ಇನ್ನೊಬ್ಬರ ದನಕ್ಕೆ ಬಾಯಿಬಿಟ್ಟು ಕೆಟ್ಟದ್ದು ಅನ್ನಬಾರದು ಎಂಬುದು ಸಂತೆಯ ಮರ್ಯಾದೆ. ಅದಕ್ಕೇ ಆ ಕೆಲಸವನ್ನು ಕಳಕೇಶನ ರೆಪ್ಪೆ ಮಾಡುತ್ತ ಬಂದಿತ್ತು.

ಹೊಸಬರಿಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಕಡೆ ಎತ್ತಿನ ಬೆಲೆ ಬಾಯಲ್ಲಿ ಆಗುವುದಿಲ್ಲ. ದಲ್ಲಾಳಿಗಳು ಬಾಯಲ್ಲಿ ಕೂಗುವುದೆಲ್ಲ ಗಾಳಿಗೆ. ಅದನ್ನು ನಂಬುವವನು ಸಂತೆಗೆ ಬಂದವನಲ್ಲ, ದಾರಿ ತಪ್ಪಿ ಬಂದವನು. ನಿಜವಾದ ಸೌದಾ ಟವೆಲಿನ ಕೆಳಗೆ. ದಲ್ಲಾಳಿ ಕೊಳ್ಳುವವನ ಕೈಮೇಲೆ ಟವೆಲು ಹೊದಿಸಿ, ಒಳಗೆ ಅವನ ಬೆರಳು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳು ಹಿಡಿದ, ಯಾವುದನ್ನು ಮಡಿಸಿದ, ಅದೇ ಬೆಲೆ. ಸುತ್ತ ನಿಂತವರಿಗೆ ಎರಡು ಮೊಣಕೈ ಕಾಣುತ್ತವೆ, ಅಷ್ಟೇ. ಟವೆಲಿಲ್ಲದೆ ಬೆರಳು ತೋರಿಸುವುದೆಂದರೆ ಧೋತರ ಉಡದೆ ಸಂತೆಗೆ ಬಂದಂತೆ.

ಈ ವಿದ್ಯೆಯಲ್ಲಿ ಕಳಕೇಶನಿಗೆ ಸಮ ಯಾರೂ ಇಲ್ಲ. ಒಮ್ಮೆ ಟವೆಲಿನೊಳಗೆ ವ್ಯಾಪಾರ ನಡೆದಾಗ ಅವನ ಅಂಗಿಯೊಳಗೆ ಚೇಳು ಇಳಿಯಿತು. ಕುಟುಕಿತು. ಇವನ ಮುಖ ಅಲುಗಲಿಲ್ಲ. ಬಗಲಲ್ಲಿ ಕುಟುಕಿತು, ಬೆನ್ನಿಗೆ ಹೋಗಿ ಕುಟುಕಿತು. ಇವನು ಬೆರಳು ಒತ್ತುತ್ತಲೇ ಇದ್ದ. ಕೊನೆಗೆ ಚೇಳೇ ತಾನು ಕಲ್ಲಿಗೆ ಕುಟುಕುತ್ತಿದ್ದೇನೆಂದು ತಿಳಿದು, ನಾಚಿಕೊಂಡು, ತೋಳಿನ ಮೇಲಿಂದ ಇಳಿದು ಹೊರಟುಹೋಯಿತು. ನೀವು ನಂಬಬೇಕೆಂದೇನಿಲ್ಲ. ಆದರೆ ಆ ಚೇಳಿನ ಮುಖ ನೋಡಿದ್ದರೆ ನಿಮಗೂ ಅಯ್ಯೋ ಅನ್ನಿಸುತ್ತಿತ್ತು.

ಮದುವೆಯ ಮಾತುಕತೆಯನ್ನೂ ಅವನು ಹೀಗೇ ಮುಗಿಸಿದವನು. ಹೆಣ್ಣು ಕೇಳಲು ಹೋದಾಗ ಮಾವ, "ಏನು ಮಾಡ್ಕೊಂಡಿದ್ದೀ ತಮ್ಮಾ?" ಎಂದ. ಇವನು ಹೆಗಲ ಮೇಲಿನ ಟವೆಲು ತೆಗೆದು ಮಾವನ ಕೈಮೇಲೆ ಹೊದಿಸಿದ. ಒಳಗೆ ಏನು ಒತ್ತಿದನೋ ದೇವರಿಗೇ ಗೊತ್ತು, ಮಾವ ನಕ್ಕು ಹೆಣ್ಣು ಕೊಟ್ಟ. "ಅವತ್ತು ನನಗ ಎಷ್ಟು ಬೆಲಿ ಕಟ್ಟಿದ್ದಿ ಹೇಳು" ಎಂದು ಹೆಂಡತಿ ಶಿವಬಸಮ್ಮ ಇವತ್ತಿಗೂ ಕೇಳುತ್ತಾಳೆ. ಇವತ್ತಿಗೂ ಅವನು ಹೇಳಿಲ್ಲ.

ಇಂಥ ಮನುಷ್ಯನಿಗೆ ಹೋದ ವರ್ಷ ಮೇಲಿನ ಎಡಗಡೆಯ ದವಡೆ ಹಲ್ಲು ನೋವು ಶುರುವಾಯಿತು. ಬರಬಾರದ ಹೊತ್ತಿಗೇ ಬಂತು. ಯಾಕೆಂದರೆ ಆ ವಾರದ ಸಂತೆಯಲ್ಲಿ ಭೀಮಕ್ಕನ ಎತ್ತುಗಳ ಸೌದಾ ಆಗಬೇಕಿತ್ತು.

ಭೀಮಕ್ಕ ನಮ್ಮ ಓಣಿಯವಳೇ. ಗಂಡ ಇಲ್ಲ, ಸ್ವಂತ ಕೈಯಲ್ಲಿ ಹೊಲ ಮಾಡಿಸಿದ ಗಟ್ಟಿ ಹೆಂಗಸು. ಮೊಣಕಾಲು ಸೋತ ಮೇಲೆ ಹೊಲವನ್ನು ತಮ್ಮನಿಗೆ ಪಾಲಿಗೆ ಕೊಟ್ಟಳು. ಅವನ ಹತ್ತಿರ ಟ್ರ್ಯಾಕ್ಟರ್ ಇತ್ತು. ಉಳಿದವು ಸರ್ಜಾ ಮತ್ತು ಹೀರ್ಯಾ ಎಂಬ ಎರಡು ಎತ್ತು. ಒಂದೇ ವಾರದಲ್ಲಿ ಹುಟ್ಟಿ, ಒಂದೇ ಗೂಟಕ್ಕೆ ಬೆಳೆದವು. ಒಂದನ್ನು ನೀರಿಗೆ ಒಯ್ದರೆ ಇನ್ನೊಂದು ಮೇವು ಬಿಟ್ಟು ಬಾಗಿಲು ನೋಡುತ್ತ ನಿಲ್ಲುತ್ತಿತ್ತು. ಭೀಮಕ್ಕ ಕಳಕೇಶನಿಗೆ ಹೇಳಿದ್ದು ಒಂದೇ ಮಾತು.

"ಬೆಲಿ ನೀ ಏನರ ಮಾಡು ಯಣ್ಣಾ. ಆದ್ರ ಎರಡೂ ಒಂದ ಮನಿಗೆ ಹೋಗಬೇಕು. ಅಗಲಿಸಿದ್ರ ಅವು ಮೇವು ಮುಟ್ಟಂಗಿಲ್ಲ."

ಕಳಕೇಶ ಅವಳ ದನದ ಕೊಟ್ಟಿಗೆಗೆ ಹೋಗಿ ಎತ್ತುಗಳ ಗೊರಸು, ಹೆಗಲು, ಬಾಯಿ ಎಲ್ಲ ತಡವಿ ನೋಡಿ, ಕಾರಟಗಿಯ ಅಂದಪ್ಪನಿಗೆ ಫೋನು ಮಾಡಿದ. ಅಂದಪ್ಪ ಭತ್ತದ ರೈತ. ಟ್ರ್ಯಾಕ್ಟರ್ ತಿರುಗದ ಗದ್ದೆಮೂಲೆಗಳಿಗೆ ಅವನಿಗೆ ಒಂದು ಜೋಡಿ ಬೇಕಿತ್ತು. ಮಧ್ಯಾಹ್ನದೊಳಗೆ ಸಂತೆಗೆ ಬಂದು ನೋಡಿ ಹೋಗುತ್ತೇನೆ ಎಂದಿದ್ದ.

ಸಂತೆಯ ದಿನ ಬೆಳಗ್ಗೆ ಕಳಕೇಶನ ಕೆನ್ನೆ ಬದನೆಕಾಯಿಯಂತೆ ಊದಿತ್ತು. ಪಕ್ಕದ ಮನೆಯ ಮುದುಕ ನಾನು, ಹಲ್ಲು ಕೀಳಿಸೋಣ ನಡಿ ಎಂದೆ. ಶಿವಬಸಮ್ಮ ಅಡ್ಡ ನಿಂತಳು.

"ಕೆಳಗಿನ ಹಲ್ಲು ಆಗಿದ್ರ ಕೀಳಸ್ರಿ, ಬ್ಯಾಡನ್ನಂಗಿಲ್ಲ. ಮ್ಯಾಲಿನ ಹಲ್ಲಿನ ನರ ಕಣ್ಣಿಗೆ ಹೋಗಿರತೈತಿ. ಹಲ್ಲು ಕಿತ್ರ ಕಣ್ಣು ಹೋಗತಾವ. ನಮ್ಮ ದೊಡ್ಡವ್ವಗ ಹಂಗ ಆತು."

"ನಿಮ್ಮ ದೊಡ್ಡವ್ವಗ ಆವಾಗ ತೊಂಬತ್ತು ವರ್ಷ ಆಗಿತ್ತವ್ವಾ" ಎಂದೆ. "ಹಲ್ಲು ಕೀಳಸದಿದ್ರೂ ಹೋಗ್ತಿದ್ದುವು."

ಕಳಕೇಶ ಎರಡೂ ಕಡೆಯ ವಾದ ಕೇಳಿ, ನೋವಿನ ಕಡೆ ತೀರ್ಪು ಕೊಟ್ಟು ಆಟೋ ಹತ್ತಿದ.

ಹಲ್ಲಿನ ಡಾಕ್ಟರು ಮೆಹಜಬೀನ ಎಂಬ ಹೆಣ್ಣುಮಗಳು. ಮೃದು ಮಾತು, ಗಟ್ಟಿ ಕೈ. ಕುರ್ಚಿಯ ಮೇಲೆ ಮಲಗಿಸಿ "ಬಾಯಿ ತೆಗೀರಿ ಯಜಮಾನ್ರ" ಎಂದಳು. ಜೀವನವಿಡೀ ಎತ್ತುಗಳ ಬಾಯಿ ತೆಗೆಸಿ ಹಲ್ಲು ನೋಡಿ ವಯಸ್ಸು ಹೇಳಿದವನು ಇವತ್ತು ತಾನೇ ಬಾಯಿ ತೆಗೆದು ಮಲಗಿದ್ದ. ಅವಳು ಬಗ್ಗಿ ನೋಡಿದಾಗ, "ಎಷ್ಟು ವರ್ಷದ್ದು ಅನಸ್ತೈತಿ ಅಮ್ಮಾರ? ಇನ್ನ ದುಡೀತೈತಿ?" ಎಂದು ನಾನೇ ಕೇಳಿದೆ. ಅವಳು ನಕ್ಕಳು. ಅವನು ನಗಲಿಲ್ಲ, ಬಾಯಿ ತುಂಬ ಅವಳ ಬೆರಳಿದ್ದವು.

ಜೋಮು ಹಿಡಿಸುವ ಇಂಜೆಕ್ಷನ್ನು ಮೇಲಿನ ದವಡೆಯ ಹಿಂದೆ ಕೊಟ್ಟಳು. ಹಲ್ಲು ಸಲೀಸಾಗಿ ಬಂತು. ಬಂದ ಹಲ್ಲು ಕುದುರೆಯ ಹಲ್ಲಿನಷ್ಟಿತ್ತು. ಬೇರು ಮೂರು, ಒಂದೊಂದೂ ಜಾಲಿಮರದ್ದು. ಆ ಜಾಗಕ್ಕೆ ಹತ್ತಿ ಇಟ್ಟು, "ಗಟ್ಟಿ ಕಚ್ಚಿ ಹಿಡೀರಿ. ಉಗುಳಬ್ಯಾಡ್ರಿ, ಮಾತಾಡಬ್ಯಾಡ್ರಿ" ಎಂದಳು. ಮಾತಾಡದಿರುವುದು ಅವನಿಗೆ ಶಿಕ್ಷೆಯೇ ಅಲ್ಲ.

ಅವನನ್ನು ಎಬ್ಬಿಸಿ ಕೂಡಿಸಿದಾಗ ನೋಡುತ್ತೇನೆ, ಎಡಗಣ್ಣಿನ ರೆಪ್ಪೆ ಇಳಿದಿದೆ. ಸಂತೆಯ ಕಣ್ಣು! ನನಗೆ ದಿಗಿಲಾಯಿತು. ಈ ದವಾಖಾನೆಯಲ್ಲಿ ಇವನಿಗೆ ಯಾವ ಐಬು ಕಂಡಿತು? ಡಾಕ್ಟರಮ್ಮನದೋ, ಕುರ್ಚಿಯದೋ, ನನ್ನದೋ?

ಡಾಕ್ಟರಮ್ಮನೂ ಅದನ್ನು ನೋಡಿದಳು. ಮುಖ ಗಂಭೀರವಾಯಿತು. ಅವನೆದುರು ಎರಡು ಬೆರಳು ಎತ್ತಿ ಹಿಡಿದು, "ಎಷ್ಟು ಕಾಣ್ತಾವ ಯಜಮಾನ್ರ?" ಎಂದಳು.

ಕಳಕೇಶ ಬೆರಳು ನೋಡಿದ. ಅವಳ ಮುಖ ನೋಡಿದ. ಅಕ್ಕಪಕ್ಕ ಕೂತ ರೋಗಿಗಳನ್ನು ನೋಡಿದ. ಆಮೇಲೆ ಹೆಗಲ ಟವೆಲು ತೆಗೆದು ಅವಳ ಕೈಮೇಲೆ ಹೊದಿಸಲು ಹೋದ. ಟವೆಲು ಕೈಗೆ ಸಿಗದೆ ಪಕ್ಕದ ಗಾಳಿಯ ಮೇಲೆ ಬಿದ್ದು ನೆಲಕ್ಕಿಳಿಯಿತು.

"ಏನಿದು?" ಎಂದು ಅವಳು ನನ್ನ ಕಡೆ ತಿರುಗಿದಳು.

"ನೀವು ಎಲ್ಲಾರ ಮುಂದ ಬೆರಳು ತೋರಿಸಿದ್ರಿ ಅಮ್ಮಾರ. ಫೀಜು ಕೇಳಾಕತ್ತಾರ ಅಂತ ತಿಳಕೊಂಡಾನ. ನಿಮ್ಮ ಮರ್ಯಾದಿ ಮುಚ್ಚಾಕ ಹೋದ."

ಕಳಕೇಶ ಹತ್ತಿ ಕಚ್ಚಿಕೊಂಡೇ ನಾಲ್ಕು ಬೆರಳು ಎತ್ತಿದ. ಚೌಕಾಸಿಯಲ್ಲಿ ಬೆಲೆ ಇಳಿಸಬೇಕಾದವನು ಏರಿಸುತ್ತಿದ್ದಾನೆ! ಆಗ ಗೊತ್ತಾಯಿತು ಇದು ಬೆಲೆಯಲ್ಲ, ಅವನಿಗೆ ಅವಳ ಎರಡು ಬೆರಳು ನಾಲ್ಕಾಗಿ ಕಾಣುತ್ತಿವೆ.

ಡಾಕ್ಟರಮ್ಮ ಕುರ್ಚಿ ಎಳೆದು ಕೂತು ಸಮಾಧಾನದಿಂದ ಹೇಳಿದಳು. "ಹೆದರಬ್ಯಾಡ್ರಿ. ಹಲ್ಲು ಕಿತ್ತದ್ದಕ್ಕ ಆಗಿದ್ದಲ್ಲ ಇದು. ಇಂಜೆಕ್ಷನ್ ಔಷಧ ಹಲ್ಲಿನ ನರಕ್ಕ ಹೋಗೂದು ಚೂರು ಮ್ಯಾಲೆ ಸರದು, ರೆಪ್ಪಿ ಎತ್ತೋ, ಕಣ್ಣು ತಿರುಗಸೋ ನರಕ್ಕೂ ಜೋಮು ಹಿಡಿಸೈತಿ. ಭಾಳ ಅಪರೂಪ, ಆದ್ರ ಆಗತೈತಿ. ಒಂದು ಕಣ್ಣು ತಿರಗತೈತಿ, ಇನ್ನೊಂದು ತಿರಗಂಗಿಲ್ಲ, ಅದಕ್ಕ ಎರಡೆರಡು ಕಾಣತಾವ. ಕೆನ್ನಿ ಜೋಮು ಇಳದಂಗ ಇದೂ ಇಳೀತೈತಿ. ಕೆಲವು ತಾಸು ಅಷ್ಟ. ಅಲ್ಲೀತನಕ ಇಲ್ಲೇ ಕುಂದರ್ರಿ, ನಾ ನೋಡಕೋತ ಇರತೀನಿ." ಎಡಗಣ್ಣಿಗೆ ಹತ್ತಿಯ ಪಟ್ಟಿ ಅಂಟಿಸಿದಳು. ಒಂದೇ ಕಣ್ಣಿಂದ ನೋಡಿದಾಗ ಲೋಕ ಮತ್ತೆ ಒಂದಾಯಿತು. ಕಳಕೇಶ ಉಸಿರು ಬಿಟ್ಟ.

ಕೂತೆವು. ಗೋಡೆ ಗಡಿಯಾರ ಮಧ್ಯಾಹ್ನದ ಕಡೆ ನಡೆಯಿತು. ಡಾಕ್ಟರಮ್ಮ ಇನ್ನೊಬ್ಬರ ಬಾಯಿಗೆ ಬಗ್ಗಿದ್ದೇ ತಡ, ಕಳಕೇಶ ನನ್ನ ಕೈ ಹಿಡಿದು ಹೊರಗೆ ಎಳೆದ. ಎರಡು ಬೆರಳನ್ನು ತಲೆಯ ಮೇಲೆ ಕೊಂಬಿನಂತೆ ಇಟ್ಟು ತೋರಿಸಿದ. ಭೀಮಕ್ಕನ ಎತ್ತು. ಅಂದಪ್ಪ ವಾಪಸು ಹೋಗಿಬಿಟ್ಟರೆ ಇಂಥ ಗಿರಾಕಿ ಮತ್ತೆ ಸಿಗುವುದಿಲ್ಲ.

ಆಟೋದಲ್ಲಿ ಕೂತು ಅವನು ಕಣ್ಣಿನ ಪಟ್ಟಿ ಕಿತ್ತು ಒಗೆದ.

"ಲೇ, ಹುಚ್ಚ ಹಿಡದೈತೇನು? ಯಾಕ ತಗದಿ?"

ಹತ್ತಿಯನ್ನು ಕೆನ್ನೆಗೆ ಸರಿಸಿ ಅವನು ಗೊಣಗಿದ. "ರೆಪ್ಪಿ ಚೂರು ಇಳದ್ರ ಒಂದು ದನ ಕೆಟ್ಟದ್ದು ಅಂತಾರ. ಪೂರ್ತಾ ಮುಚ್ಚಿಕೊಂಡು ಹೋದ್ರ? ಇಡೀ ಸಂತಿಗೇ ರೋಗ ಬಂದೈತಿ ಅಂತಾರ."

 ಹುಬ್ಬನ್ನು ಹಣೆಯ ಮೇಲಕ್ಕೆ ಎಳೆದು ಹಿಡಿದರೆ ರೆಪ್ಪೆಯೂ ಜೊತೆಗೆ ಬರುತ್ತದೆಂದು ಅವನ ಲೆಕ್ಕ. ಹುಬ್ಬು ಹೋಯಿತು, ರೆಪ್ಪೆ ಬರಲಿಲ್ಲ. ಅರ್ಧ ಮುಖ ಆಶ್ಚರ್ಯಪಟ್ಟಂತೆ, ಅರ್ಧ ಮುಖ ನಿದ್ದೆ ಬಂದಂತೆ ಮಾಡಿಕೊಂಡು ಅವನು ಸಂತೆಗೆ ಇಳಿದ.

ಇಳಿದನೋ ಇಲ್ಲವೋ, ಹಾದಿಯ ಎರಡೂ ಕಡೆ ಗಲಿಬಿಲಿ. ಒಬ್ಬ ತನ್ನ ಹೋರಿಯನ್ನು ಹಿಂದಕ್ಕೆ ಎಳೆದುಕೊಂಡ. ಇನ್ನೊಬ್ಬ ಎಮ್ಮೆಯ ಮುಖಕ್ಕೆ ಗೋಣಿಚೀಲ ಅಡ್ಡ ಹಿಡಿದ. ಮುಂಗಡ ಕೊಟ್ಟವನೊಬ್ಬ "ನನ್ನ ರೊಕ್ಕ ವಾಪಸ್ ಕೊಡು" ಎಂದು ಜಗಳ ತೆಗೆದ. ನಾನು ಮುಂದೆ ಮುಂದೆ ಓಡುತ್ತ, "ನಿಮ್ಮ ದನಕ್ಕಲ್ರೋ, ಹಲ್ಲಿಗೆ, ಹಲ್ಲಿಗೆ!" ಎಂದು ಕೂಗಿದೆ. ಅದು ಇನ್ನೂ ಕೆಟ್ಟಿತು. ಎಲ್ಲರೂ ತಮ್ಮ ತಮ್ಮ ದನದ ಬಾಯಿ ತೆಗೆದು ಹಲ್ಲು ಹುಡುಕತೊಡಗಿದರು.

ಬೇವಿನ ಗಿಡದ ಕೆಳಗೆ ಭೀಮಕ್ಕ ಎರಡು ಎತ್ತುಗಳ ನಡುವೆ ನಿಂತಿದ್ದಳು. ಎದುರಿಗೆ ಕಾರಟಗಿಯ ಅಂದಪ್ಪ. ಬದಿಯಲ್ಲಿ ಯಲಬುರ್ಗಾದ ಬಸವಕುಮಾರ ಎಂಬ ಯುವಕ. ಅವನ ಜೋಡಿಯಲ್ಲಿ ಬಲಗಡೆ ಹೂಡುವ ಎತ್ತು ಹಾವು ಕಡಿದು ಸತ್ತಿತ್ತು. ಹೀರ್ಯಾ ಬಲಗಡೆಯ ಎತ್ತು. ಅದೊಂದೇ ಸಾಕು ಅವನಿಗೆ.

ಕಳಕೇಶ ನೇರ ಹೋಗಿ ಅಂದಪ್ಪನ ಕೈಗೆ ಟವೆಲು ಹಾಕಿದ. ಅವನಿಗೆ ಇಬ್ಬರು ಅಂದಪ್ಪ ಕಾಣುತ್ತಿದ್ದರು, ಹಾಕಿದ್ದು ಇಲ್ಲದ ಅಂದಪ್ಪನಿಗೆ. ಸುತ್ತ ನಿಂತವರು ನಕ್ಕರು. "ಬೆಳಿಗ್ಗೆನ ಏರಿಸ್ಯಾನ" ಎಂದ ಒಬ್ಬ. ಎರಡನೇ ಸಲ ಸರಿಯಾದ ಕೈ ಸಿಕ್ಕಿತು. ಒಳಗೆ ಬೆರಳು ಒತ್ತಿದ. ಅಂದಪ್ಪನ ಮುಖದಲ್ಲಿ ಗೊಂದಲ ಏರುತ್ತ ಹೋಯಿತು.

"ಅಲ್ಲ ಕಳಕೇಶಣ್ಣಾ" ಎಂದ. "ನಿನ್ನ ಬೆರಳು ನೋಡಿದ್ರ ಚೊಕ್ಕ ಎತ್ತಿನ ಬೆಲಿ ಹೇಳತಾವ. ನಿನ್ನ ಕಣ್ಣು ನೋಡಿದ್ರ ಐಬು ಐತಿ ಅಂತೈತಿ. ನಾ ಕೈ ನಂಬಲೋ, ಕಣ್ಣು ನಂಬಲೋ?"

ಕಳಕೇಶ ಹತ್ತಿ ಉಗುಳಿ ಬಾಯಿ ಬಿಟ್ಟ. "ಎತ್ತು ಛಲೋ ಅದಾವ. ಕಣ್ಣಿಗೆ ಸೂಜಿ ಮದ್ದು ಹತ್ತೈತಿ."

 ಕಳಕೇಶ ಬಾಯಲ್ಲಿ ಮಾತಾಡಿದ! ಬಾಯಲ್ಲಿ ಆಡಿದ್ದೆಲ್ಲ ಗಾಳಿಗೆ ಎಂದು ಮೊದಲೇ ಹೇಳಿದ್ದೇನಲ್ಲ. ಅಂದಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. "ಬಾಯಿ ಮಾಡಾಕತ್ತಾನ ಅಂದ್ರ ದೊಡ್ಡ ಐಬು ಇರಬೇಕು."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಡಾಕ್ಟರಮ್ಮ! ಖಾಲಿ ಕುರ್ಚಿ ನೋಡಿ ಗಾಬರಿಯಾಗಿದ್ದಳು. ನಾನು ದೊಡ್ಡ ದನಿ ಬರುವ ಗುಂಡಿ ಒತ್ತಿ ಎಲ್ಲರ ನಡುವೆ ಹಿಡಿದೆ.

"ಮುತ್ಯಾ, ಎಲ್ಲಿ ಹೋದ್ರಿ ಅವರನ್ನ ಕರಕೊಂಡು? ಅವರಿಗೆ ಎರಡೆರಡು ಕಾಣ್ತಾವ, ಎಲ್ಲೆರ ಬಿದ್ದಾರು! ಪಟ್ಟಿ ಐತಿಲ್ಲೋ ಕಣ್ಣಿಗೆ?"

"ಅಮ್ಮಾರ, ಅದೊಂದು ಇರ್ಲಿ. ಕಣ್ಣು ಇಂಜೆಕ್ಷನ್ನಿಗೆ ಇಳದೈತಿ ಅಂತ ಜೋರಾಗಿ ಹೇಳ್ರಿ."

"ಹೌದ್ರಿ, ಇಂಜೆಕ್ಷನ್ನಿಗೇ. ಇಳದಂಗ ಏರತೈತಿ."

ನಾನು ಗೆದ್ದೆ ಎಂದುಕೊಂಡು ಸುತ್ತ ನೋಡಿದೆ. ಅಂದಪ್ಪ ಗಲ್ಲದ ಮೇಲೆ ಕೈಯಿಟ್ಟು ಯೋಚಿಸುತ್ತಿದ್ದ.

"ಖರೆ ಇರಬೇಕು. ಡಾಕ್ಟರ ಯಾಕ ಸುಳ್ಳು ಹೇಳ್ಯಾರು. ಹಂಗಾದ್ರ ಕಣ್ಣಿನ ಮಾತು ಬಿಡೂಣು. ಆದ್ರ ಎರಡೆರಡು ಕಾಣ್ತಾವ ಅಂದ್ರ ಇಂವಗ ಎತ್ತು ನೆಟ್ಟಗ ಕಾಣವಲ್ವು! ನಾಕು ಎತ್ತಿಗೆ ಬೆಲಿ ಕಟ್ಯಾನೋ, ಎರಡಕ್ಕೋ?"

 ಹಿಂದೆ ನಿಂತ ಒಬ್ಬಾಕೆ, "ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗತಾವ ಅಂತ ನಾ ಹೇಳ್ತಿದ್ದಿಲ್ಲೇನ?" ಎಂದು ಯಾರಿಗೋ ಹೇಳಿದಳು. ಡಾಕ್ಟರಮ್ಮ ಫೋನಿನಲ್ಲೇ "ಅದು ಹಂಗಲ್ಲವ್ವಾ" ಎನ್ನುತ್ತಿದ್ದಳು. ನನ್ನ ಬೆರಳು ತಾಗಿ ಫೋನು ಕಟ್ಟಾಯಿತು.

ಬಸವಕುಮಾರ ಭೀಮಕ್ಕನ ಹತ್ತಿರ ಸರಿದ. ಕೆಟ್ಟ ಹುಡುಗನಲ್ಲ, ಅವನ ಹೊಲ ಹದಕ್ಕೆ ಬಂದಿತ್ತು. "ಯಕ್ಕಾ, ನನ್ನ ಗಾಡಿ ಡ್ರೈವರ ಹೊಂಡಾಕತ್ಯಾನ. ಹೀರ್ಯಾನ್ನ ಕೊಡು, ಅವರು ಹೇಳಿದ್ದಕ್ಕಿಂತ ಹೆಚ್ಚಿಗೆ ಕೊಡತೀನಿ. ಇನ್ನೊಂದಕ್ಕ ಬ್ಯಾರೆ ಗಿರಾಕಿ ಬಂದಾರು. ಈ ಕಣ್ಣು ನೋಡಿದ ಮ್ಯಾಲೆ ಜೋಡಿ ಯಾರ ಒಯ್ತಾರ ಹೇಳು?"

ಭೀಮಕ್ಕ ಎತ್ತುಗಳ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಳು. "ಅವನ ಕಣ್ಣು ಏರೂತನಕ ನಾ ಬಿಡಂಗಿಲ್ಲ ತಮ್ಮಾ" ಎಂದಳು. ಹೇಳಿದ್ದು ಗಟ್ಟಿಯಾಗಿ, ಆದರೆ ಸೋತ ಮೊಣಕಾಲಿಗೆ ಆಸರೆಯಾಗಿ ಸರ್ಜಾನ ಬೆನ್ನಿಗೆ ಆತುಕೊಂಡಳು.

ಹೀಗಾಗಿ ಒಂದು ಸಂತೆಯಷ್ಟು ಜನ ಒಬ್ಬ ಮನುಷ್ಯನ ರೆಪ್ಪೆ ನೋಡುತ್ತ ನಿಂತರು. ಚಹಾದವನು ಕೆಟಲು ಹಿಡಿದು ಅಲ್ಲೇ ನಿಂತ. ಒಂದು ಕೋಳಿ ಮೊಟ್ಟೆ ಇಡಲು ಕೂತದ್ದು ಇಡದೆ ಎದ್ದು ಬಂದು ನೋಡಿತು. ರೆಪ್ಪೆ ನಿಧಾನಕ್ಕೆ ಏರಿತು, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು. ಅರ್ಧಕ್ಕೆ ಬಂದು ನಿಂತಿತು. ಬಹಳ ಹೊತ್ತಾದರೂ ಅಲ್ಲಿಂದ ಮೇಲೆ ಹೋಗಲಿಲ್ಲ.

"ಅರ್ಧ ಅಂದ್ರ ಏನು ಅರ್ಥ?" ಎಂದ ಅಂದಪ್ಪ.

"ಒಂದು ಛಲೋ, ಒಂದು ಕೆಟ್ಟದ್ದು" ಎಂದು ಗುಂಪಿನಲ್ಲಿ ಯಾರೋ ಅಂದರು.

ಬಸವಕುಮಾರನಿಗೆ ಅಷ್ಟೇ ಬೇಕಿತ್ತು. "ಕೇಳಿದ್ಯಾ ಯಕ್ಕಾ? ಇನ್ನ ಎಷ್ಟೊತ್ತು ನಿಂದರ್ತೀ?" ರಸ್ತೆಯಿಂದ ಅವನ ಗಾಡಿಯ ಹಾರ್ನು ಬಿಡದೆ ಹೊಡೆಯುತ್ತಿತ್ತು. ಭೀಮಕ್ಕ ಕಳಕೇಶನ ಕಡೆ ನೋಡಿದಳು.  ಮುಂಗೈಗೆ ಸುತ್ತಿದ ಹಗ್ಗ ಒಂದು ಸುತ್ತು ಸಡಿಲಾಯಿತು.

ಅದನ್ನು ಕಳಕೇಶ ನೋಡಿದ. ಅವನಿಗೆ ಎರಡು ಹಗ್ಗ ಸಡಿಲಾದಂತೆ ಕಂಡಿರಬೇಕು. ಟವೆಲನ್ನು ಹೆಗಲಿಂದ ತೆಗೆದು ಅಂದಪ್ಪನ ಕೈಗೆ ಹೊದಿಸಲಿಲ್ಲ, ನೆಲಕ್ಕೆ ಒಗೆದ. ಬಲಗೈಯನ್ನು ಬರಿಗೈಯಾಗಿಯೇ ಎಲ್ಲರೆದುರು ಚಾಚಿದ. ಬೆರಳು ಬಿಚ್ಚಿದ, ಒಂದೊಂದಾಗಿ ಮಡಿಸಿದ. ಭೀಮಕ್ಕನ ಕೈಗೆ ಹೋಗುವ ಬೆಲೆ ಇಷ್ಟು. ಅಂದಪ್ಪ ಕೊಡಬೇಕಾದದ್ದು ಇಷ್ಟು. ನಡುವೆ ತನಗೆ ಉಳಿಯುವ ದಲ್ಲಾಳಿ ರೊಕ್ಕ ಇದು. ಆ ಕೊನೆಯ ಬೆರಳನ್ನು ಎಲ್ಲರೂ ನೋಡುವಂತೆ ಎತ್ತಿ ಹಿಡಿದು, ಅದನ್ನೂ ಮಡಿಸಿಬಿಟ್ಟ: ತನಗೆ ಅದೂ ಬೇಡ.

ನಾನು ನಾಚಿಕೆಯಿಂದ ಬೇರೆ ಕಡೆ ನೋಡಿದೆ. ಮುದುಕರು ತಲೆ ತಗ್ಗಿಸಿದರು.  ದೊಡ್ಡ ಮನುಷ್ಯನೊಬ್ಬ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿ ನಿಂತಾಗ ಏನು ಮಾಡಬೇಕೆಂದು ಯಾರಿಗೆ ಗೊತ್ತು?

ಅಂದಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. "ಮುಚ್ಚೋ ಮಾರಾಯಾ, ಮುಚ್ಚು! ಹೆಂಗಸ್ರು ಮಕ್ಕಳು ಅದಾರ!" ಎನ್ನುತ್ತ ತನ್ನ ಟವೆಲನ್ನೇ ಕಿತ್ತು ಕಳಕೇಶನ ಕೈಮೇಲೆ ಹೊದಿಸಿ, ಗಾಬರಿಯಲ್ಲಿ ಒಳಗೆ ಕೈ ಹಾಕಿ ಒತ್ತಿಬಿಟ್ಟ. ಒತ್ತಿದ ಮೇಲೆ ಅವನಿಗೇ ನೆನಪಾಯಿತು: ಟವೆಲಿನೊಳಗೆ ಕೊಳ್ಳುವವನು ತಾನಾಗಿ ಕೈ ಒತ್ತಿದರೆ ಸೌದಾ ಕಬೂಲ್. ಹಿಂದಕ್ಕೆ ಹೋಗುವಂತಿಲ್ಲ. ಅವನು ಕಳಕೇಶನ ಮುಖ ನೋಡಿದ, ಎತ್ತುಗಳನ್ನು ನೋಡಿದ, ತನ್ನ ಮೊಣಕೈಯನ್ನೂ ನೋಡಿಕೊಂಡ.

"ನಾ ಈಗ ಎತ್ತು ತಗೊಂಡ್ನೇನ?" ಎಂದು ಕೇಳಿದ.

"ಎರಡೂ" ಎಂದಳು ಭೀಮಕ್ಕ.

ಸರ್ಜಾ ಮತ್ತು ಹೀರ್ಯಾ ಒಂದರ ಹಿಂದೆ ಒಂದು ಅಂದಪ್ಪನ ಗಾಡಿ ಹತ್ತಿದವು. ಬಸವಕುಮಾರನೇ ಹಿಂದಿನ ಹಲಗೆ ಎತ್ತಿ ಕೊಂಡಿ ಹಾಕಿ, ಬೇರೆ ಎತ್ತು ಹುಡುಕಲು ಹೋದ. ಅಂದಪ್ಪ ಡ್ರೈವರನ ಪಕ್ಕ ಕೂತ ಮೇಲೂ ಒಂದು ಸಲ ತಲೆ ಹೊರಗೆ ಹಾಕಿ ಏನೋ ಕೇಳಲು ನೋಡಿದ, ಕೇಳದೆ ಒಳಗೆಳೆದುಕೊಂಡ. ಅವನು ಕೊಂಡದ್ದು ಬರಿಗೈ ನಂಬಿಯೋ, ನಾಚಿಕೆ ತಾಳದೆಯೋ ನನಗೆ ಇನ್ನೂ ತಿಳಿದಿಲ್ಲ. ಭತ್ತದ ನಾಟಿ ಮುಗಿದ ಮೇಲೆ ಫೋನು ಮಾಡಿದ್ದ. ಎತ್ತು ಚೊಕ್ಕ ಅದಾವ ಎಂದ. ಕೊಂಡದ್ದು ಯಾಕೆ ಎಂದು ಅವನಿಗೂ ತಿಳಿದಂತೆ ಕಾಣಲಿಲ್ಲ.

ಗಾಡಿ ಮರೆಯಾದ ಮೇಲೆ ಭೀಮಕ್ಕ ನೆಲದ ಮೇಲಿದ್ದ ಟವೆಲು ಎತ್ತಿ, ಧೂಳು ಜಾಡಿಸಿ, ಕಳಕೇಶನ ಹೆಗಲಿಗೆ ಹಾಕಿದಳು. ಅವನ ಅರ್ಧ ಕಣ್ಣನ್ನು ಹತ್ತಿರದಿಂದ ನೋಡಿದಳು.

"ಯಣ್ಣಾ, ಈಗ ನಿನಗ ಎಷ್ಟು ಭೀಮಕ್ಕ ಕಾಣತಾರ?"

"ಒಬ್ಬಾಕಿ, ಮತ್ತೊಂದ ಚೂರು" ಎಂದ ಕಳಕೇಶ.

"ಆ ಚೂರು ಹೋಗೂತನಕ ಡಾಕ್ಟರಮ್ಮನ ಕಡೆ ಹೋಗಿ ಸುಮ್ಮನ ಕುಂದರು. ಇನ್ನೊಂದು ಹಲ್ಲು ಕೀಳಸೂದಿದ್ರ ಸಂತಿ ಬಿಟ್ಟು ಬ್ಯಾರೆ ದಿನ ಕೀಳಸ್ಕೊ" ಎಂದು ಬೈದು, ಅವನ ರಟ್ಟೆ ಹಿಡಿದು ಆಟೋದ ಕಡೆ ನಡೆಸಿದಳು. ಅವಳಿಗೆ ಮೊಣಕಾಲು ಸಾಲದು, ಅವನಿಗೆ ದಾರಿ ಎರಡು. ಇಬ್ಬರೂ ಒಬ್ಬರಿಗೊಬ್ಬರು ಆತು ಹೋದರು.